ಮನೆಯ ನೆಲ, ಬೆಟ್ಟದ ಮೆಟ್ಟಿಲು: ಕಾಲು ಕಳೆದುಕೊಂಡ ಒಬ್ಬ ಸೈನಿಕರ ಪ್ರಕರಣ

ಈ ಪ್ರಕರಣ ಬರೆಯಲು ಅವರೂ ಅವರ ಮನೆಯವರೂ ಒಪ್ಪಿದ್ದಾರೆ. ಹೆಸರು, ಊರು, ರೆಜಿಮೆಂಟು ಇಲ್ಲಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನೂ ಕಾಲವನ್ನೂ ಬದಲಿಸಿದ್ದೇನೆ. ಊರಿನವರು ಕರೆಯುವ ಹಾಗೆ ನಾನೂ ಅವರನ್ನು ‘ಹವಾಲ್ದಾರ್ರು’ ಎಂದೇ ಕರೆಯುತ್ತೇನೆ.

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಕಾಲು ಕಳೆದುಕೊಂಡು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ಇಲ್ಲವೇ ಬೈಕ್ ಅಪಘಾತದವರು. ಹಿಮಕ್ಕೆ ಕಾಲು ಕೊಟ್ಟು ಬಂದವರು ಇವರೊಬ್ಬರೇ. ಆದರೂ ಇವರಿಂದ ಕಲಿತದ್ದು ಆಮೇಲೆ ಬಂದ ಎಲ್ಲರಿಗೂ ಉಪಯೋಗಕ್ಕೆ ಬಂತು. ನಮ್ಮ ಕೆಲಸದಲ್ಲಿ ಇರುವವರಿಗೆ, ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುತ್ತಿರುವವರಿಗೆ ತಲುಪಲಿ ಎಂದು ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪುಗಳನ್ನೂ ಬಿಡದೆ ಬರೆಯುತ್ತೇನೆ.

ಹಿನ್ನೆಲೆ

ಸಕಲೇಶಪುರ ತಾಲ್ಲೂಕಿನ ಘಟ್ಟದ ಅಂಚಿನ ಹಳ್ಳಿ ಅವರದು. ಮೂರೂವರೆ ಎಕರೆ ರೋಬಸ್ಟಾ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗೆ ಒಂದಿಷ್ಟು ಗದ್ದೆ. ತೋಟ ನೋಡಿಕೊಳ್ಳುವುದು ಅಣ್ಣ. ಇವರು ಪಿಯುಸಿ ಮುಗಿಸಿ ಸೇನೆ ಸೇರಿದರು. ಏರು-ಇಳಿಜಾರಿನಲ್ಲೇ ಬೆಳೆದ ಕಾಲು ಎಂದು ಅಲ್ಲಿಯವರು ಬೇಗ ಗುರುತಿಸಿ ಪರ್ವತಾರೋಹಣದ ಕೋರ್ಸುಗಳಿಗೆ ಕಳಿಸಿದರು. ಆರು ಸಾವಿರ ಮೀಟರಿಗೂ ಮೀರಿದ ಎರಡು ಶಿಖರ ಹತ್ತಿ ಬಂದರು. ಆಮೇಲೆ ಹೊಸ ಹುಡುಗರಿಗೆ ಹಗ್ಗ, ಗಂಟು, ಹಿಮದ ಮೇಲೆ ಹೆಜ್ಜೆ ಇಡುವುದು ಇವನ್ನೆಲ್ಲ ಕಲಿಸುವ ಕೆಲಸ ಇವರದಾಯಿತು.

ಕೊನೆಯ ಪೋಸ್ಟಿಂಗು ಸಿಯಾಚಿನ್. 1984ರ ಏಪ್ರಿಲ್‌ನಲ್ಲಿ ಆಪರೇಷನ್ ಮೇಘದೂತ ಶುರುವಾದಂದಿನಿಂದ ಸೇನೆ ಅಲ್ಲಿ ಬೀಡುಬಿಟ್ಟಿದೆ. ನಮ್ಮ ಜಿಲ್ಲೆಗೆ ಆ ಹೆಸರು ದೂರದ್ದಲ್ಲ. 2016ರ ಫೆಬ್ರುವರಿಯಲ್ಲಿ 19,600 ಅಡಿ ಎತ್ತರದ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿದಾಗ ತೀರಿಕೊಂಡ ಹತ್ತು ಮಂದಿಯಲ್ಲಿ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರ ಜೊತೆ ಹಾಸನ ತಾಲ್ಲೂಕು ತೇಜೂರಿನ ಸುಬೇದಾರ್ ನಾಗೇಶ್ ಕೂಡ ಇದ್ದರು.

ಹವಾಲ್ದಾರ್ರಿಗೆ ಆದದ್ದು ಬೇರೆ ವರ್ಷ, ಬೇರೆ ಜಾಗದಲ್ಲಿ. ಒಂದು ಪೋಸ್ಟಿನಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿಕೊಂಡು ಸಾಲಾಗಿ ಹೋಗುವಾಗ ಕಾಲಡಿಯ ಹಿಮ ಕುಸಿದು ಬಿರುಕಿನೊಳಗೆ ಬಿದ್ದರು. ಹಗ್ಗ ಹಿಡಿಯಿತು, ಜೀವ ಉಳಿಯಿತು. ಎಡಗಾಲಿನ ಮೊಳಕಾಲಿನ ಕೆಳಗೆ ಮೂಳೆ ಮುರಿದಿತ್ತು, ಬೂಟಿನೊಳಗೆ ಹಿಮ ಸೇರಿ ನೀರಾಗಿತ್ತು. ಹವಾಮಾನ ಕೆಟ್ಟು ಎರಡು ರಾತ್ರಿ ಹೆಲಿಕಾಪ್ಟರ್ ಬರಲಾಗಲಿಲ್ಲ. ಫ್ರಾಸ್ಟ್‌ಬೈಟ್ ಆದ, ಅಂದರೆ ಚಳಿಗೆ ಹೆಪ್ಪುಗಟ್ಟಿ ಕೆಟ್ಟ ಅಂಗವನ್ನು ಡಾಕ್ಟರುಗಳು ತಕ್ಷಣ ಕತ್ತರಿಸುವುದಿಲ್ಲ. ಎಲ್ಲಿವರೆಗೆ ಜೀವ ಇದೆ, ಎಲ್ಲಿಂದ ಇಲ್ಲ ಎನ್ನುವ ಗೆರೆ ಮೂಡಲು ವಾರಗಟ್ಟಲೆ ಬೇಕು. ಅಷ್ಟು ದಿನವೂ ಇವರು ತಮ್ಮ ಕಾಲು ಕಪ್ಪಾಗಿ ಒಣಗುವುದನ್ನು ನೋಡುತ್ತ ಮಲಗಿದ್ದರು. ಕೊನೆಗೆ ಎಡಗಾಲು ಮೊಳಕಾಲಿನ ಕೆಳಗೆ ಹೋಯಿತು. ಬಲಗಾಲಿನ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಹೋದವು.

ಎಲ್ಲರ ಕಣ್ಣು ಎಡಗಾಲಿನ ಮೇಲೆ. ಆದರೆ ನಡೆಯುವಾಗ ಮುಂದಕ್ಕೆ ತಳ್ಳುವುದು, ತೂಗಾಡಿದಾಗ ನೆಲ ಹಿಡಿಯುವುದು ಹೆಬ್ಬೆರಳು. ಇವರ ‘ಒಳ್ಳೆಯ ಕಾಲು’ ಕೂಡ ಪೂರ್ತಿ ಒಳ್ಳೆಯದಾಗಿರಲಿಲ್ಲ. ಇದನ್ನು ನಾನು ಮೊದಲ ದಿನವೇ ಬರೆದುಕೊಂಡಿದ್ದೆ, ಆದರೆ ಅದರ ತೂಕ ನನಗೆ ತಿಳಿದದ್ದು ತಡವಾಗಿ.

ಪುಣೆಯ ಕೃತಕ ಅಂಗ ಕೇಂದ್ರ 1944ರಿಂದ ಸೈನಿಕರಿಗೆ ಕಾಲು ಕಟ್ಟಿಕೊಡುತ್ತಿದೆ. ಅಲ್ಲಿ ಇವರಿಗೂ ಕಾಲು ಸಿಕ್ಕಿತು, ನಡಿಗೆಯ ತರಬೇತಿಯೂ ಆಯಿತು. ಮೆಡಿಕಲ್ ಬೋರ್ಡ್ ಆಗಿ, ಅಂಗವೈಕಲ್ಯದ ಪೆನ್ಷನ್ನಿನೊಂದಿಗೆ ಊರಿಗೆ ಬಂದರು. ಆಗ ಅವರಿಗೆ ಮೂವತ್ತಾರು ವರ್ಷ, ಮಗನಿಗೆ ಹನ್ನೊಂದು.

ನಮ್ಮ ರಿಜಿಸ್ಟರಿನಲ್ಲಿ ‘ಪ್ರಗತಿ ಉತ್ತಮ’

ವಾರಕ್ಕೆರಡು ದಿನ ಸಕಲೇಶಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂಬತ್ತು ಗಂಟೆ ಎಂದರೆ ಎಂಟೂ ಮುಕ್ಕಾಲಿಗೇ ಬಾಗಿಲಲ್ಲಿ. ಪಾಲಿಶ್ ಮಾಡಿದ ಬೂಟು, ಇಸ್ತ್ರಿ ಪ್ಯಾಂಟು. ಇಪ್ಪತ್ತು ಸಲ ಎಂದರೆ ಇಪ್ಪತ್ತೈದು ಸಲ ಮಾಡುವರು. ನೋವಿದೆಯೇ ಎಂದರೆ “ಇಲ್ಲ ಮೇಡಂ.” ಪ್ಯಾರಲಲ್ ಬಾರ್ ಬಿಟ್ಟು ನಡೆದರು, ಕೋಲು ಬಿಟ್ಟು ನಡೆದರು, ಮೆಟ್ಟಿಲು ಹತ್ತಿದರು. ಎಂಟು ವಾರ ಸತತವಾಗಿ ನಾನು ಫೈಲಿನಲ್ಲಿ ‘ಪ್ರಗತಿ ಉತ್ತಮ’ ಎಂದು ಬರೆದೆ.

ಆ ಹೊತ್ತಿಗೆ ನೆಂಟರೊಬ್ಬರು ಸೆಕ್ಯೂರಿಟಿ ಕೆಲಸ ಹುಡುಕಿಕೊಟ್ಟರು. ಮಾಜಿ ಸೈನಿಕರು ಎಂದರೆ ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಹನ್ನೆರಡು ಗಂಟೆ ಗೇಟಿನಲ್ಲಿ ನಿಲ್ಲುವ ಕೆಲಸ. ‘ಮಾಡಿ, ಮನಸ್ಸಿಗೂ ಒಳ್ಳೆಯದು’ ಎಂದು ಒಪ್ಪಿಗೆ ಕೊಟ್ಟವಳು ನಾನೇ. ಎರಡು ತಿಂಗಳಿಗೆ ಸ್ಟಂಪಿನ, ಅಂದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ಹೊರಬದಿಯಲ್ಲಿ, ಮೂಳೆಯ ಗುಬ್ಬಿ ಇರುವ ಕಡೆ ಚರ್ಮ ಕಿತ್ತುಬಂತು. ಕೆಲಸ ಬಿಟ್ಟು ಊರಿಗೆ ಹೋದವರು ನನ್ನ ಹತ್ತಿರ ಬರುವುದನ್ನೂ ಬಿಟ್ಟರು.

ಮೂರು ವಾರ ಆದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. “ಮೇಡಂ, ನಿಮ್ಮತ್ರ ಬಂದಾಗ ಓಡಾಡ್ತಾರಂತೆ. ಮನೇಲಿ ಒಂದಿನಾನೂ ನಡ್ದಿದ್ದು ನಾನು ಕಂಡಿಲ್ಲ. ಬೆಳಿಗ್ಗೆ ಜಗಲೀಲಿ ಕೂತ್ರೆ ಸಂಜೆಗಂಟ ಏಳಲ್ಲ. ಬಚ್ಚಲಿಗೆ ಅಣ್ಣಾವ್ರೇ ಎತ್ಕಂಡ್ ಹೋಗ್ಬೇಕು.”

ಎಂಟು ವಾರದ ನನ್ನ ಫೈಲು ಮುಂದೆಯೇ ಇತ್ತು. ಅದರಲ್ಲಿ ಬರೆದದ್ದೆಲ್ಲ ನಿಜವೇ. ಆದರೆ ಅದು ನಮ್ಮ ಹಾಲಿನ ಮೊಸಾಯಿಕ್ ನೆಲದ ಮೇಲಿನ ನಿಜ.

ಹೊಸ್ತಿಲಿನಲ್ಲಿ ಕಂಡದ್ದು

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಇಡೀ ಪ್ರಕರಣದಲ್ಲಿ ನಾನು ತೆಗೆದುಕೊಂಡ ಸರಿಯಾದ ಮೊದಲ ನಿರ್ಧಾರ ಇದು ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

ಹೆಂಚಿನ ಮನೆ. ಅಂಗಳದಿಂದ ಜಗಲಿಗೆ ಮೂರು ಕಲ್ಲಿನ ಮೆಟ್ಟಿಲು, ಎತ್ತರದ ಹೊಸ್ತಿಲು, ಒಳಗೆ ನುಣುಪಾದ ಕೆಂಪು ಗಾರೆ ನೆಲ. ಬಚ್ಚಲು ಹಿತ್ತಿಲ ಕಡೆ, ನಾಲ್ಕು ಹೆಜ್ಜೆ ಇಳಿಜಾರು ದಾಟಬೇಕು. ನನ್ನನ್ನು ಕಂಡು ಮರ್ಯಾದೆಗೆ ಎದ್ದು, ಕಾಲು ಹಾಕಿಕೊಂಡು ಬೂಟು ಕಟ್ಟಿಕೊಂಡರು. ಅಂಗಳದಲ್ಲಿ ಚೆನ್ನಾಗಿ ನಡೆದರು. ಜಗಲಿಗೆ ಬಂದು, ಬೂಟು ಬಿಚ್ಚಿ ಒಳಗೆ ಕಾಲಿಟ್ಟದ್ದೇ ಹಿಂದಕ್ಕೆ ವಾಲಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಬೂಟು ಬಿಚ್ಚಿದ್ರೆ ಯಾರೋ ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ದಂಗಾಗುತ್ತೆ ಮೇಡಂ. ಅದಕ್ಕೇ ಬಿಚ್ಚಿಟ್ಟು ಕೂತ್ಕೊಳ್ಳದು.”

ಅವರಿಗೆ ಸಿಕ್ಕ ಕಾಲಿನಲ್ಲಿ ದೋಷ ಇರಲಿಲ್ಲ. ಅದು ಹಿಮ್ಮಡಿ ಇರುವ ಬೂಟಿಗೆ ಸರಿಯಾಗಿ ಹೊಂದಿಸಿದ ಕಾಲು. ಬೂಟಿನ ಹಿಮ್ಮಡಿ ಹೋದರೆ ಕೃತಕ ಪಾದದ ಹಿಂಭಾಗ ಕೆಳಗಿಳಿಯುತ್ತದೆ, ಅದರ ಮೇಲಿನ ದಂಡ ಹಿಂದಕ್ಕೆ ವಾಲುತ್ತದೆ, ಮಂಡಿ ಹಿಂದಕ್ಕೆ ದೂಡಿದಂತಾಗುತ್ತದೆ. ಸಮ ನೆಲವೂ ಏರಿನ ಹಾಗೆ. ಬೆರಳೆಲ್ಲ ಇರುವವರಾದರೆ ಇನ್ನೊಂದು ಕಾಲು ಸಾವರಿಸಿಕೊಳ್ಳುತ್ತದೆ. ಇವರ ಬಲಗಾಲಿಗೆ ಹೆಬ್ಬೆರಳೇ ಇಲ್ಲ.

ಬೂಟು ಹಾಕಿಕೊಂಡೇ ಒಳಗೆ ಓಡಾಡಿ ಎಂದು ಹೇಳಬಹುದಿತ್ತು. ಆದರೆ ದೇವರ ಗೂಡು, ಒಲೆ, ಊಟಕ್ಕೆ ಕೂರುವ ಜಾಗ ಎಲ್ಲ ಇರುವ ನಡುಮನೆಯಲ್ಲಿ ಅವ್ವನ ಎದುರು ಅವರು ಬೂಟು ಹಾಕಿಕೊಂಡು ಓಡಾಡುವವರಲ್ಲ. ಹಾಗೆ ಹೇಳುವುದು ನನಗೂ ಸರಿ ಕಾಣಲಿಲ್ಲ. ನಮ್ಮ ಜನ ದಿನದ ಅರ್ಧ ಬರಿಗಾಲಲ್ಲಿ ಕಳೆಯುತ್ತಾರೆ. ಮನೆ, ಗದ್ದೆ, ಗುಡಿ ಎಲ್ಲ ಕಡೆ ಬರಿಗಾಲೇ. ಕಾಲು ಅಳತೆ ಕೊಡುವಾಗ ‘ಮನೆಯೊಳಗೆ ಏನು ಹಾಕಿಕೊಳ್ಳುತ್ತೀರಿ?’ ಎಂಬ ಒಂದು ಪ್ರಶ್ನೆ ಕೇಳದೆ ಎಂಟು ವಾರ ಕಳೆದಿದ್ದೆವು.

ಉತ್ತರ ಹೊಸದೇನಲ್ಲ. 1968ರಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ಸೇರಿ ರೂಪಿಸಿದ ರಬ್ಬರ್ ಪಾದ ಇದ್ದದ್ದೇ ಇದಕ್ಕೆ: ಬರಿಗಾಲಲ್ಲಿ ನಡೆಯುವವರಿಗೆ, ಕುಕ್ಕರಗಾಲಲ್ಲಿ ಕೂರುವವರಿಗೆ, ಕೆಸರಿಗೆ ಇಳಿಯುವವರಿಗೆ. ಒಂದು ಶಿಬಿರದಲ್ಲಿ ಅವರಿಗೆ ಆ ಬಗೆಯ ಎರಡನೇ ಕಾಲು ಮಾಡಿಸಿದೆವು. ಮೊದಲು ಅವರಿಗೆ ಹಿಡಿಸಲಿಲ್ಲ. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಇಷ್ಟು ಒಳ್ಳೆ ಕಾಲು ಇರುವಾಗ ಇದು ಯಾಕೆ ಎಂದರು. ಒಂದು ವಾರ ಮೂಲೆಯಲ್ಲಿ ಇಟ್ಟಿದ್ದರಂತೆ. ಎಂಟನೇ ದಿನ ರಾತ್ರಿ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಿ ಬಂದರು. ಬೆಳಿಗ್ಗೆ ಹೆಂಡತಿ ಫೋನ್ ಮಾಡಿ ಅಷ್ಟು ಹೇಳಿ, ಮುಂದೆ ಮಾತು ಹೊರಡದೆ ಇಟ್ಟುಬಿಟ್ಟರು.

ಇಲ್ಲಿ ಒಂದು ಮಾತು. ಆ ತಿಂಗಳುಗಳಲ್ಲಿ ಮನೆಗೆ ಬಂದವರೆಲ್ಲ ಒಂದೊಂದು ಉದಾಹರಣೆ ಕೊಟ್ಟು ಹೋಗುತ್ತಿದ್ದರು. ನಮ್ಮ ಜಿಲ್ಲೆಯವರೇ ಆದ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರ್ ಹಾರಿ ಬೆಳ್ಳಿ ತಂದದ್ದು, 2013ರಲ್ಲಿ ಅರುಣಿಮಾ ಸಿನ್ಹಾ ಕೃತಕ ಕಾಲಿನಲ್ಲಿ ಎವರೆಸ್ಟ್ ಹತ್ತಿದ್ದು, 2021ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಅಂಗವಿಕಲರು ಸಿಯಾಚಿನ್‌ನ 15,632 ಅಡಿ ಎತ್ತರದ ಕುಮಾರ್ ಪೋಸ್ಟ್ ಮುಟ್ಟಿದ್ದು. ಎಲ್ಲವೂ ನಿಜ, ಎಲ್ಲವೂ ದೊಡ್ಡದು. ನಾನೂ ಒಂದು ದಿನ ಅದೇ ರಾಗ ಎಳೆದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು ಅಂದರು: “ನಂಗೆ ಎವರೆಸ್ಟ್ ಬೇಡ ಮೇಡಂ. ಬಚ್ಚಲಿಗೆ ಹೋಗ್ಬೇಕು.” ಅಂದಿನಿಂದ ಹೊಸಬರಿಗೆ ನಾನು ಸಾಧಕರ ಕಥೆ ಹೇಳುವುದನ್ನು ಬಿಟ್ಟಿದ್ದೇನೆ. ಅವರೇ ಕೇಳಿದರೆ ಮಾತ್ರ ಹೇಳುತ್ತೇನೆ.

ಇಲ್ಲದ ಪಾದದ ಚಳಿ

ಮಳೆಗಾಲ ಶುರುವಾದ ಮೇಲೆ ಇನ್ನೊಂದು ತೊಂದರೆ ಬಲವಾಯಿತು. ಕಾಲು ಹೋದವರಿಗೆ ಇಲ್ಲದ ಪಾದದಲ್ಲಿ ನೋವು ಬರುವುದು ಅಪರೂಪವಲ್ಲ. ಇವರದು ನೋವಿಗಿಂತ ಹೆಚ್ಚಾಗಿ ಚಳಿ. ಜುಲೈಯ ರಾತ್ರಿಗಳಲ್ಲಿ ಹೆಂಚಿನ ಮೇಲೆ ಮಳೆ ಸುರಿಯುವಾಗ ಎಡಪಾದ ಮರಗಟ್ಟಿ ಸಿಡಿಯುತ್ತಿದೆ ಎಂದು ಎದ್ದು ಕೂರುವರು. ಹತ್ತಕ್ಕೆ ಎಷ್ಟು ನೋವು ಎಂದು ಕೇಳಿದರೆ ಎಂಟು ಎನ್ನುವರು. ನೋವೇ ಇಲ್ಲ ಎನ್ನುವ ಮನುಷ್ಯ ಎಂಟು ಎಂದರೆ ಅದು ಎಷ್ಟಿರಬಹುದು? ಸೇನೆಯ ಕ್ಯಾಂಟೀನ್ ಕೋಟಾದ ಮದ್ಯದ ಬಾಟಲಿ ಬೇಗ ಖಾಲಿಯಾಗತೊಡಗಿತ್ತು. ಅದನ್ನು ಹೇಳಿದವರು ಅತ್ತಿಗೆ.

ಡಾಕ್ಟರು ಮಾತ್ರೆ ಬದಲಿಸಿದರು. ನಾನು ಕನ್ನಡಿಯ ವಿಧಾನ ಹಿಡಿದೆ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ರೂಢಿಗೆ ತಂದ ವಿಧಾನ ಅದು. ಎರಡು ಕಾಲಿನ ನಡುವೆ ಉದ್ದ ಕನ್ನಡಿ ನಿಲ್ಲಿಸಿದರೆ ಇರುವ ಕಾಲಿನ ಬಿಂಬ ಇಲ್ಲದ ಕಾಲಿನ ಜಾಗದಲ್ಲಿ ಕಾಣುತ್ತದೆ. ಅದನ್ನು ಆಡಿಸುತ್ತ ನೋಡುತ್ತಿದ್ದರೆ ಕೆಲವರಿಗೆ ನೋವು ಸಡಿಲುತ್ತದೆ. ಕನ್ನಡಿ ಇಟ್ಟು ನೋಡಿ ಎಂದೆ. ಅವರು ನೋಡಿದರು, ಮುಖ ಪಕ್ಕಕ್ಕೆ ತಿರುಗಿಸಿದರು.

“ಮೇಡಂ, ಆ ಕಾಲಿಗೂ ಬೆರಳಿಲ್ಲ.”

ನನಗೆ ಹೊಳೆದೇ ಇರಲಿಲ್ಲ. ಬಲಗಾಲಿನ ಮೂರು ಬೆರಳು ಹೋಗಿವೆ, ಕನ್ನಡಿಯಲ್ಲಿ ಎಡಗಾಲಿನದೂ ಹೋಗಿರುವಂತೆಯೇ ಕಂಡಿತು. ವಾಸಿ ಮಾಡಲು ಹೋಗಿ ಇನ್ನೊಂದು ನಷ್ಟ ತೋರಿಸಿದ್ದೆ. ಅವತ್ತು ಅಲ್ಲಿಗೇ ನಿಲ್ಲಿಸಿದೆ. ಮರುವಾರ ಬಲಗಾಲಿನ ಬೆರಳಿನ ಜಾಗಕ್ಕೆ ಹತ್ತಿ ತುಂಬಿ, ಮೇಲೆ ಉಣ್ಣೆಯ ಕಾಲುಚೀಲ ಹಾಕಿ ಕೂರಿಸಿದೆ. ಈಗ ಕನ್ನಡಿಯಲ್ಲಿ ಕಂಡದ್ದು ಬೆಚ್ಚಗೆ ಮುಚ್ಚಿಕೊಂಡ ಒಂದು ಇಡೀ ಪಾದ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅವರೇ ಒಂದು ಉಪಾಯ ಹೇಳಿದರು: ಕಾಲುಚೀಲದ ಸಮೇತ ಪಾದವನ್ನು ಉಗುರುಬೆಚ್ಚಗಿನ ನೀರಲ್ಲಿ ಇಟ್ಟರೆ? ಹಿಮ ಹೊಡೆದ ಕಾಲಿಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಸುಟ್ಟುಕೊಂಡರೂ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಸಲವೂ ಹೆಂಡತಿ ಮೊಣಕೈ ಅದ್ದಿ ನೋಡಿಯೇ ಇಡಬೇಕು ಎಂದು ಷರತ್ತು ಹಾಕಿದೆ. ದಿನಕ್ಕೆ ಹದಿನೈದು ನಿಮಿಷ, ಆರು ವಾರ. ಎಂಟು ಇದ್ದದ್ದು ನಾಲ್ಕಕ್ಕೆ ಬಂತು. ಪೂರ್ತಿ ಹೋಗಲಿಲ್ಲ, ಈಗಲೂ ಜುಲೈಯಲ್ಲಿ ಬರುತ್ತದೆ. ಒಬ್ಬರಿಗೆ ಆದದ್ದು ಎಲ್ಲರಿಗೂ ಆಗುತ್ತದೆ ಎಂದು ನಾನು ಹೇಳಲಾರೆ.

ಮಳೆ ಇನ್ನೂ ಒಂದು ಪಾಠ ಕಲಿಸಿತು. ಸಾಕೆಟ್ಟಿನೊಳಗಿನ, ಅಂದರೆ ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲಿನೊಳಗಿನ ಫೋಮಿನ ಪದರ ಒಣಗುತ್ತಿರಲಿಲ್ಲ, ಬೂಸಲು ಹಿಡಿಯುತ್ತಿತ್ತು. ಬಟ್ಟೆ ಒಣಗಿಸುವ ಹಾಗೆ ಅದನ್ನೂ ಬಚ್ಚಲ ಹಂಡೆ ಒಲೆಯ ದಂಡೆಯ ಮೇಲೆ ಇಟ್ಟಿದ್ದರು. ಕಾವಿಗೆ ಅಂಚು ಸುರುಟಿಕೊಂಡಿತು, ಸುರುಟಿದ ಅಂಚು ಹಳೆಯ ಗಾಯದ ಜಾಗಕ್ಕೇ ಒತ್ತಿತು. ಆಮೇಲೆ ಎರಡು ಪದರ ಮಾಡಿಸಿಕೊಟ್ಟೆವು. ದಿನ ಬಿಟ್ಟು ದಿನ ಒಂದೊಂದು, ಸಂಜೆ ಒರೆಸಿ ಫ್ಯಾನಿನ ಗಾಳಿಗೆ, ಬೆಂಕಿಯ ಹತ್ತಿರ ಎಂದಿಗೂ ಇಲ್ಲ. ಇಂಬಳದ (ಜಿಗಣೆಯ) ಕಾಟಕ್ಕೆ ಅವರೇ ದಾರಿ ಹುಡುಕಿದರು. ಸಾಕೆಟ್ಟಿನ ಬಾಯಿಯಿಂದ ಇಂಬಳ ಒಳಗೆ ಇಳಿದರೆ ಗೊತ್ತಾಗುವುದೇ ಇಲ್ಲ, ರಕ್ತ ನಿಲ್ಲುವುದೂ ಇಲ್ಲ. ತೋಟಕ್ಕೆ ಹೋಗುವಾಗ ಪ್ಯಾಂಟಿನ ಹೊರಗೆ, ಮೊಳಕಾಲಿನ ಕೆಳಗೆ, ಹೊಗೆಸೊಪ್ಪು-ಸುಣ್ಣದ ನೀರಲ್ಲಿ ಅದ್ದಿದ ಬಟ್ಟೆಪಟ್ಟಿ ಕಟ್ಟಿಕೊಳ್ಳತೊಡಗಿದರು.

ಮುಳ್ಳಯ್ಯನಗಿರಿ, ಮೊದಲ ಸಲ

ಮಳೆ ಬಿಟ್ಟ ಅಕ್ಟೋಬರಿನಲ್ಲಿ, ಚಿಕ್ಕಮಗಳೂರಿಗೆ ಒಂದು ಸ್ಕೂಟರ್ ನೋಡಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಮಗನನ್ನು ಕರೆದುಕೊಂಡು ಹೊರಟರು. ಹೋದದ್ದು ಮುಳ್ಳಯ್ಯನಗಿರಿಗೆ. 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಬೆಟ್ಟ. ಶಿಖರದ ಹತ್ತಿರದವರೆಗೆ ವಾಹನ ಹೋಗುತ್ತದೆ, ಅಲ್ಲಿಂದ ಗುಡಿಗೆ ಮೆಟ್ಟಿಲು. ಅವರು ಹಿಡಿದದ್ದು ಕೆಳಗಿನಿಂದ ಹತ್ತುವ ಸರ್ಪದಾರಿ.

ಹತ್ತಿದರು. ಮೋಸ ಮಾಡಿದ್ದು ಇಳಿಜಾರು. ನಡೆದ ಹಾಗೆ ಸ್ಟಂಪ್ ಸ್ವಲ್ಪ ಸ್ವಲ್ಪವೇ ಸಣ್ಣದಾಗುತ್ತದೆ, ಸಾಕೆಟ್ ಸಡಿಲವಾಗುತ್ತದೆ, ಕಾಲು ಅದರೊಳಗೆ ಕೆಳಗಿಳಿದು ತುದಿ ಬಡಿಯುತ್ತದೆ. ಆಗ ನಿಂತು, ಕಾಲು ಬಿಚ್ಚಿ, ಇನ್ನೊಂದು ಕಾಲುಚೀಲ ಸೇರಿಸಿ ಹಾಕಿಕೊಳ್ಳಬೇಕು. ಅವರ ಹತ್ತಿರ ಹೆಚ್ಚಿನ ಕಾಲುಚೀಲ ಇರಲಿಲ್ಲ. ಇದ್ದಿದ್ದರೂ ಮಗನೆದುರು, ಟ್ರೆಕ್ಕಿಂಗಿಗೆ ಬಂದ ಜನರೆದುರು ಕಾಲು ಬಿಚ್ಚುತ್ತಿದ್ದರೋ ಇಲ್ಲವೋ.

ಮನೆಗೆ ಬಂದು ನಾಲ್ಕು ದಿನ ಬಾಯಿ ಬಿಡಲಿಲ್ಲ. ವಾಸನೆ ಹಿಡಿದವರು ಅವ್ವ. ನಾನು ನೋಡುವ ಹೊತ್ತಿಗೆ ಸ್ಟಂಪಿನ ತುದಿಯಲ್ಲಿ ರೂಪಾಯಿ ನಾಣ್ಯದಗಲ ಕೀವು ಕಟ್ಟಿದ ಗಾಯ. ಐದು ವಾರ ಯಾವ ಕಾಲನ್ನೂ ಹಾಕುವಂತಿರಲಿಲ್ಲ.

ನನಗೆ ಸಿಟ್ಟು ಬಂದಿತ್ತು, ನಿಜ. ಆದರೆ ಸಿಟ್ಟಿನಲ್ಲಿ ಹೇಳುವುದೆಲ್ಲ ಅವರು ಆಗಲೇ ತಮಗೆ ತಾವೇ ಹೇಳಿಕೊಂಡಿದ್ದರು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಡ್ರೆಸ್ಸಿಂಗ್ ಮಾಡುತ್ತ ಬೇರೇನೋ ಕೇಳಿದೆ.

“ಪೋಸ್ಟಲ್ಲಿ ದಿನಾ ಕಾಲು ನೋಡ್ತಿದ್ರಾ?”

“ದಿನಾ ಅಲ್ಲ ಮೇಡಂ, ಎರಡು ಹೊತ್ತು. ಪ್ರತಿಯೊಬ್ಬನ ಕಾಲೂ ಬಿಚ್ಚಿಸಿ ನೋಡ್ತಿದ್ದೆ. ಕಾಲುಚೀಲ ಒದ್ದೆ ಇದ್ರೆ ಬದಲಾಯಿಸ್ದೆ ಮಲಗೋ ಹಂಗಿಲ್ಲ.”

“ಒಬ್ಬ ಹುಡುಗ ಬೆರಳು ಮರಗಟ್ಟಿದ್ದನ್ನ ನಾಲ್ಕು ದಿನ ಮುಚ್ಚಿಟ್ಟಿದ್ರೆ?”

ಅವರು ಉತ್ತರ ಕೊಡಲಿಲ್ಲ. ಹೊರಗೆ ಅಣ್ಣ ಕಣ ಗುಡಿಸುತ್ತಿದ್ದ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಚೀಲ ಎತ್ತಿಕೊಂಡು ಹೊರಡುವಾಗ ಮಗನನ್ನು ಕರೆದು, ಸ್ಕೂಲಿನ ಒಂದು ಖಾಲಿ ನೋಟ್‌ಬುಕ್ ಕೊಡು ಎಂದರು.

ಆ ನೋಟ್‌ಬುಕ್ಕೇ ಈ ಪ್ರಕರಣದ ತಿರುವು. ಪೋಸ್ಟಿನ ದಿನಚರಿ ಬರೆಯುವ ಹಾಗೆ ಗೆರೆ ಎಳೆದರು: ಹೊತ್ತು, ಹಾಕಿದ ಕಾಲು ಯಾವುದು, ಕಾಲುಚೀಲ ಎಷ್ಟು, ನಿಂತದ್ದು ಎಷ್ಟು, ಚರ್ಮದ ಬಣ್ಣ. ಕಾಲು ಬಿಚ್ಚಿದಾಗ ಕೆಂಪಾಗಿರುವುದು ಸಹಜ, ಹತ್ತು ನಿಮಿಷದಲ್ಲಿ ಆ ಕೆಂಪು ಹೋಗಬೇಕು, ಹೋಗದಿದ್ದರೆ ಅಲ್ಲಿ ಏನೋ ಒತ್ತುತ್ತಿದೆ ಎಂದು ನಾನು ಮೊದಲ ವಾರವೇ ಹೇಳಿಕೊಟ್ಟಿದ್ದೆ. ಆಗ ಅದು ಆಸ್ಪತ್ರೆಯ ಮಾತು. ಈಗ ಅವರದೇ ಡ್ಯೂಟಿ ಆಯಿತು. ಕೈಗನ್ನಡಿ ಹಿಡಿದು ಸ್ಟಂಪಿನ ಅಡಿ ನೋಡುವರು, ಬಲಗಾಲಿನ ಬೆರಳಿನ ಸಂದಿ ನೋಡುವರು. ಸಂಜೆಯ ತಪಾಸಣೆಗೆ ಮಗನನ್ನೂ ಕೂರಿಸಿಕೊಂಡರು. ನೋವು ನುಂಗುವುದನ್ನು ಸೇನೆ ಅವರಿಗೆ ಕಲಿಸಿತ್ತು, ಗಾಯವನ್ನು ವರದಿ ಮಾಡುವುದನ್ನೂ ಅದೇ ಸೇನೆ ಕಲಿಸಿತ್ತು. ಮೊದಲಿನದರ ಜೊತೆ ಒಂದು ವರ್ಷ ಗುದ್ದಾಡಿದ ನಾನು, ಎರಡನೆಯದನ್ನು ಮೊದಲೇ ಕೇಳಿ ತಿಳಿಯಬೇಕಿತ್ತು.

ಹಗ್ಗ

ಗಾಯ ಮಾಗುತ್ತಿದ್ದ ಆ ಚಳಿಗಾಲದಲ್ಲೇ ಪಕ್ಕದ ತೋಟದಲ್ಲಿ ಮೆಣಸು ಕುಯ್ಯುವಾಗ ಒಬ್ಬ ಸಿಲ್ವರ್ ಮರದಿಂದ ಬಿದ್ದು ಬೆನ್ನು ಮುರಿದುಕೊಂಡ. ನಮ್ಮ ಕಡೆ ಮೆಣಸಿನ ಕುಯ್ಲು, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಎಂದರೆ ಇಂಥ ಸುದ್ದಿ ಇದ್ದದ್ದೇ. ಏಣಿ ಜಾರುತ್ತದೆ, ಕೊಂಬೆ ಮುರಿಯುತ್ತದೆ, ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಸತ್ತವರೂ ಇದ್ದಾರೆ. ಹವಾಲ್ದಾರ್ರು ಆ ಮನುಷ್ಯನನ್ನು ನೋಡಿ ಬಂದವರು ನನಗೆ ಫೋನ್ ಮಾಡಿ ಕೇಳಿದರು: “ಮೇಡಂ, ಇಳಿಜಾರಲ್ಲಿ ಒಂದೇ ಕಡೆ ಎಷ್ಟೊತ್ತು ನಿಲ್ಬಹುದು ನಾನು?”

ಅವರು ತಾವಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಲವತ್ತು ನಿಮಿಷ, ಆಮೇಲೆ ಕೂರಬೇಕು ಎಂದೆ.

ಅಣ್ಣನಿಗೆ ಇಷ್ಟವಿರಲಿಲ್ಲ. “ನಿಂಗೆ ಪೆನ್ಷನ್ ಬರುತ್ತಲ್ಲೋ, ತೋಟದ ಉಸಾಬರಿ ಯಾಕೆ? ಸುಮ್ನೆ ಕೂತ್ಕೊ” ಎನ್ನುವರು. ಪ್ರೀತಿಯ ಮಾತೇ ಅದು. ಆದರೆ ಮೂವತ್ತೇಳರ ಗಂಡಸಿಗೆ ಸುಮ್ಮನೆ ಕೂರು ಎನ್ನುವುದು ಎಂಥ ಶಿಕ್ಷೆ ಎಂದು ಅಣ್ಣನಿಗೆ ಹೇಳುವ ಹೊಣೆ ನನ್ನ ಮೇಲೆ ಬಂತು. ಎರಡು ಸಲ ಮಾತಾಡಿದೆ, ಪೂರ್ತಿ ಒಪ್ಪಲಿಲ್ಲ. ತಮ್ಮ ತೋಟದಲ್ಲೇ ಮೊದಲು ಮಾಡಿ ತೋರಿಸಲಿ ಎಂದರು.

ಹವಾಲ್ದಾರ್ರು ಮರ ಹತ್ತಲಿಲ್ಲ. ನೆಲದ ಮೇಲಿನ ಮನುಷ್ಯ ಆದರು. ಹತ್ತುವವನ ಸೊಂಟಕ್ಕೆ ಪಟ್ಟಿ, ಹಗ್ಗ ಮೇಲೆ ಗಟ್ಟಿ ಕವಲನ್ನು ಬಳಸಿ ಕೆಳಗೆ ಇವರ ಕೈಗೆ. ಬುಡದ ಸುತ್ತ ಎರಡು ಸುತ್ತು ಹಾಕಿದರೆ ತಿಕ್ಕಾಟಕ್ಕೇ ಭಾರ ನಿಲ್ಲುತ್ತದೆ, ಕೈಯ ಬಲ ಬೇಕಿಲ್ಲ. ಆದರೆ ಸಿಲ್ವರ್ ಮರದ ಕೊಂಬೆ ನಂಬಬೇಡಿ, ಅಲ್ಲಿ ಹಗ್ಗ ಕಾಂಡಕ್ಕೇ ಬಿಗಿಯಬೇಕು ಎನ್ನುವರು. ಕತ್ತಿ ಬೀಸುವಾಗ ಎರಡು ಕಡೆ ಕಟ್ಟಿಕೊಂಡಿರಬೇಕು, ಒಂದನ್ನು ಕತ್ತಿ ಕಡಿದರೂ ಇನ್ನೊಂದು ಹಿಡಿಯಲಿ ಎಂದು. ಎಂಟರ ಗಂಟು, ಪ್ರೂಸಿಕ್ ಗಂಟು: ಹಿಮದ ಬಿರುಕಿನಿಂದ ತಮ್ಮನ್ನು ಮೇಲೆತ್ತಿದ ಅವೇ ಗಂಟುಗಳನ್ನು ತೋಟದ ಕೆಲಸಗಾರರ ಲೈನ್ ಮನೆಯ ಹುಡುಗರಿಗೆ ಕಣದಲ್ಲಿ ಕೂರಿಸಿ ಕಲಿಸಿದರು. ಇಳಿಜಾರಿಗೆ ಹೊಂದುವಂತೆ ಒಂಟಿ ಕಾಲಿನ ಒಂದು ಮಣೆ ಮಾಡಿಸಿಕೊಂಡರು. ನಲವತ್ತು ನಿಮಿಷಕ್ಕೆ ಮಗ ಕೊಟ್ಟ ಗಡಿಯಾರ ಕೂಗುತ್ತದೆ, ಅವರು ಕೂರುತ್ತಾರೆ, ಹಗ್ಗ ಕೈಯಲ್ಲೇ ಇರುತ್ತದೆ.

ಎರಡನೇ ವರ್ಷ ಕುಯ್ಲಿನ ಕಾಲದಲ್ಲಿ ವಾರಕ್ಕೆ ನಾಲ್ಕು ದಿನ ಬೇರೆ ತೋಟಗಳಿಂದ ಕರೆ ಬರುತ್ತಿತ್ತು. ಕೆಲವು ತೋಟದವರು ಹಗ್ಗ ಕಟ್ಟಿ ಹತ್ತುವುದೆಂದರೆ ಹೊತ್ತು ಹಾಳು ಎಂದು ಬಿಟ್ಟದ್ದೂ ಉಂಟು. ಅಂಥ ಕಡೆ ಅವರು ಮತ್ತೆ ಹೋಗಲಿಲ್ಲ. ಅಂಗವಿಕಲರ ಕಾರ್ಡು, ಬದಲಿಸಿದ ಸ್ಕೂಟರಿನ ಲೈಸೆನ್ಸು ಇವುಗಳಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ಓಡಾಡಿದರು. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಮಟ್ಟದಲ್ಲಿ ಇಂಥ ಕಾರ್ಯಕರ್ತರಿದ್ದಾರೆ ಎಂದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ದಯವಿಟ್ಟು ವಿಚಾರಿಸಿ.

ಈ ಪ್ರಕರಣದ ಆಮೇಲೆ ನಮ್ಮಲ್ಲಿ ಎರಡು ಬದಲಾವಣೆ ಆದವು. ಯಾರಿಗೇ ಕಾಲಿನ ಅಳತೆ ಕೊಡುವ ಮೊದಲು ಅವರ ಮನೆಯ ನೆಲ, ಬಚ್ಚಲು, ಮೆಟ್ಟಿಲಿನ ಫೋಟೋ ತರಿಸುತ್ತೇವೆ, ಸಾಧ್ಯವಾದರೆ ನಾವೇ ಹೋಗುತ್ತೇವೆ. ಮತ್ತು ಮೊದಲ ದಿನ ‘ಏನು ಕಷ್ಟ?’ ಎನ್ನುವುದರ ಜೊತೆಗೆ ‘ನೀವು ಏನು ಕೆಲಸ ಬಲ್ಲಿರಿ, ಅದರಲ್ಲಿ ಎಚ್ಚರಿಕೆ ಹೇಗೆ ತಗೊಳ್ತಿದ್ರಿ?’ ಎಂದು ಕೇಳುತ್ತೇವೆ. ಮೊನ್ನೆ ಬಂದ ಒಬ್ಬ ಬಸ್ ಡ್ರೈವರ್ ದಿನಾ ಬೆಳಿಗ್ಗೆ ಟೈರು ತಟ್ಟಿ ನೋಡುತ್ತಿದ್ದೆ ಎಂದರು. ಅವರ ಸ್ಟಂಪಿನ ಪಾಠ ಅಲ್ಲಿಂದಲೇ ಶುರುವಾಯಿತು.

ಮುಳ್ಳಯ್ಯನಗಿರಿ, ಇನ್ನೊಂದು ಸಲ

ಮೊದಲ ಸಲ ಹೋಗಿ ಬಂದ ಒಂದು ವರ್ಷ ಮೂರು ತಿಂಗಳಿಗೆ ಮತ್ತೆ ಹೋಗಬೇಕು ಎಂದರು. ಈ ಸಲ ಹೇಳಿ ಹೋದರು. ಸರ್ಪದಾರಿ ಬೇಡ, ಮೆಟ್ಟಿಲು ಸಾಕು ಎಂದು ಅವರೇ ತೀರ್ಮಾನ ಮಾಡಿದ್ದರು. ಇಳಿಯುವುದನ್ನು ಮನೆಯ ಮೂರು ಮೆಟ್ಟಿಲಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿದ್ದರು. ಏರುವಾಗ ಬಲಗಾಲು ಮುಂದೆ, ಇಳಿಯುವಾಗ ಕೃತಕ ಕಾಲು ಮುಂದೆ, ಆಯ ತಪ್ಪಿದರೆ ಅಡ್ಡಡ್ಡ ಇಳಿಯುವುದು.

ಹೆಂಡತಿ, ಮಗ, ಅಣ್ಣ, ಅತ್ತಿಗೆ ಎಲ್ಲ ಹೋಗಿದ್ದರು. ನಾನೂ ಇದ್ದೆ. ಬೆಳಿಗ್ಗೆಯ ಮೋಡ ಇನ್ನೂ ಮೆಟ್ಟಿಲ ಮೇಲೆ ಹರಿಯುತ್ತಿತ್ತು. ಅರ್ಧ ದಾರಿಯಲ್ಲಿ ಜನ ಓಡಾಡುತ್ತಿದ್ದ ಮೆಟ್ಟಿಲ ಅಂಚಿಗೆ ಕೂತು, ಪ್ಯಾಂಟು ಮೇಲಕ್ಕೆ ಸುತ್ತಿ, ಕಾಲು ಬಿಚ್ಚಿ, ಕೈಗನ್ನಡಿಯಲ್ಲಿ ನೋಡಿ, ಇನ್ನೊಂದು ಕಾಲುಚೀಲ ಏರಿಸಿದರು. ಇಬ್ಬರು ಮಕ್ಕಳು ನಿಂತು ನೋಡಿದರು. ಅವರು ಅವಸರ ಮಾಡಲಿಲ್ಲ.

ಮೇಲೆ ಗುಡಿಯ ಮುಂದೆ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ನನಗೆ ಒಮ್ಮೆಲೇ ನೆನಪಾಗಿ ಎದೆ ಝಲ್ಲೆಂದಿತು. ಬೂಟಿನ ಕಾಲಲ್ಲಿ ಬಂದಿದ್ದಾರೆ, ಬಿಚ್ಚಿದರೆ ವಾಲುತ್ತಾರೆ. ಅಷ್ಟರಲ್ಲಿ ಮಗ ಬೆನ್ನ ಮೇಲಿನ ಚೀಲ ಇಳಿಸಿ ಜಿಪ್ ಎಳೆದ. ಒಳಗೆ ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಇನ್ನೊಂದು ಕಾಲು. ರಬ್ಬರಿನ ಪಾದದ ಹಿಮ್ಮಡಿಗೆ ಮನೆಯ ಕೆಂಪು ಗಾರೆಯ ಬಣ್ಣ ಹತ್ತಿತ್ತು. ಹವಾಲ್ದಾರ್ರು ಕಲ್ಲಿನ ಮೇಲೆ ಕೂತು ಕಾಲು ಬದಲಿಸಿಕೊಂಡು, ಬೂಟಿನ ಕಾಲನ್ನು ಚಪ್ಪಲಿಗಳ ಪಕ್ಕದಲ್ಲಿ ನಿಲ್ಲಿಸಿ, ಬರಿಗಾಲಲ್ಲಿ ಒಳಗೆ ಹೋದರು.

ನೋಟ್‌ಬುಕ್ಕಿನ ಆ ದಿನದ ಪುಟವನ್ನು ಇಲ್ಲಿ ಸೇರಿಸಲು ಅವರು ಒಪ್ಪಿದ್ದಾರೆ. “ಹತ್ತುವಾಗ ಒಂದು ಸಲ, ಇಳಿಯುವಾಗ ಎರಡು ಸಲ ಕೂತೆ. ಕಾಲುಚೀಲ ಎರಡು ಹೆಚ್ಚಿಗೆ. ಹೊರಬದಿ ಕೆಂಪು, ಒಂಬತ್ತು ನಿಮಿಷಕ್ಕೆ ಹೋಯ್ತು. ಬಲಗಾಲು ಸರಿ ಇದೆ. ತಪಾಸಣೆ ಮಾಡಿದವರು: ಮಗ.”